ಸೇವ್ ಗುಂಡಿ ಎಲ್ಲಿ ಹೋಯಿತು? ಆಕ್ಸೆಸ್ ವಿಂಡೋವನ್ನು ಹದ್ದುಬಸ್ತಿನಲ್ಲಿ ಇಡುವುದು ಹೇಗೆ

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ಪಟ್ಟಿ (ರೈತನ ಮಾಲಿನ ಲೆಕ್ಕದ ಚೀಟಿ) ಬರೆಯಲು ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಸಣ್ಣದೊಂದು ಡೇಟಾಬೇಸ್ ಮಾಡಿಕೊಟ್ಟಿದ್ದೆ. ರೈತನ ಹೆಸರು, ಲಾಟ್ ನಂಬರ್, ಮೆಣಸಿನಕಾಯಿ ಕಡ್ಡಿಯೋ ಡಬ್ಬಿಯೋ, ತೂಕ, ದರ, ಹಮಾಲಿ, ಇಷ್ಟೇ. ವಾರ ಬಿಟ್ಟು ಹೋದರೆ ಗುಮಾಸ್ತರು ಹೇಳಿದರು: "ಎಲ್ಲಾ ಚಲೋ ಐತ್ರಿ ಸರ, ಆದ್ರ ಸೇವ್ ಗುಂಡಿನ ಕಾಣವಲ್ದು." ಹಾಗಾದರೆ ಇಷ್ಟು ದಿನ ಹೇಗೆ ನಡೆಸಿದಿರಿ ಅಂತ ಕೇಳಿದೆ. ತೋರಿಸಿದರು. ಕೊನೆಯ ಬಾಕ್ಸ್ ತುಂಬಿದ ಮೇಲೆ ಟ್ಯಾಬ್ ಕೀಯನ್ನು ಎಣಿಸಿ ಮೂರು ಸಲ ಒತ್ತಿ, ಪರದೆಯ ಕೆಳಗೆಲ್ಲೋ ಅಡಗಿದ್ದ ಗುಂಡಿಯ ಮೇಲೆ ಅಂದಾಜಿನಲ್ಲಿ ಎಂಟರ್ ಹೊಡೆಯುತ್ತಿದ್ದರು. ಒಮ್ಮೆಯೂ ತಪ್ಪಿರಲಿಲ್ಲ! ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅಸಲಿಗೆ ಆ ಗುಂಡಿಯೇ ಬೇಕಿರಲಿಲ್ಲ. ಮುಂದಿನ ದಾಖಲೆಗೆ ಹೋದರೆ ಅಥವಾ ಫಾರ್ಮ್ (ಮಾಹಿತಿ ತುಂಬುವ ಪುಟ) ಮುಚ್ಚಿದರೆ ಆಕ್ಸೆಸ್ ತಾನೇ ಸೇವ್ ಮಾಡಿಕೊಳ್ಳುತ್ತದೆ. ಮಾಲೀಕರ ಸಮಾಧಾನಕ್ಕೆ ನಾನೇ ಅದನ್ನು ಇಟ್ಟಿದ್ದೆ.

ತಪ್ಪು ನನ್ನದೇ. ನನ್ನ ಲ್ಯಾಪ್‌ಟಾಪಿನಲ್ಲಿ ಚೆಂದ ಕಂಡಿದ್ದನ್ನು ಅವರ ಹಳೆಯ ಮಾನಿಟರ್ ಮೇಲೆ ಹೇರಿದ್ದೆ. ಆಮೇಲೆ ಗಮನಿಸುತ್ತಾ ಹೋದೆ. ಗದಗಿನ ಪ್ರಿಂಟಿಂಗ್ ಪ್ರೆಸ್, ಹುಬ್ಬಳ್ಳಿಯ ಬಿಡಿಭಾಗಗಳ ಅಂಗಡಿ, ಧಾರವಾಡದ ಕೋಚಿಂಗ್ ಕ್ಲಾಸ್, ಎಲ್ಲಿ ನೋಡಿದರೂ ಇದೇ ಗೋಳು. ಒಂದೋ ಫಾರ್ಮ್ ಪರದೆಯಿಂದ ಹೊರಗೆ ಚೆಲ್ಲಿರುತ್ತದೆ, ಇಲ್ಲಾ ಅಂಗೈಯಗಲದ ಫಾರ್ಮ್ ಇಡೀ ಪರದೆ ತುಂಬಿ, ಮೂಲೆಯಲ್ಲಿ ನಾಲ್ಕು ಬಾಕ್ಸ್, ಉಳಿದದ್ದೆಲ್ಲ ಬಿಳಿ ಬಯಲು. ಸರಿ ಮಾಡಲು ಹೊರಟವರು ಗಂಟೆಗಟ್ಟಲೆ ಅಂಚು ಹಿಡಿದು ಎಳೆಯುತ್ತಾರೆ. ಎಳೆಯಬೇಕಾದ ಅಂಚು ಬೇರೆ, ಇವರು ಎಳೆಯುವ ಅಂಚೇ ಬೇರೆ.

ಕೆಳಗೆ ಹೇಳಿದ ಹೆಸರುಗಳು ಆಕ್ಸೆಸ್ 2010 ಮತ್ತು ಅದರ ನಂತರದ ಆವೃತ್ತಿಗಳದು. 2007ರಲ್ಲಿ ಮ್ಯಾಕ್ರೋ (ಆಕ್ಸೆಸ್ ತಾನೇ ಓಡಿಸುವ ಆಜ್ಞೆಗಳ ಸಾಲು) ಹೆಸರುಗಳು ಸ್ವಲ್ಪ ಬೇರೆ, ಕೆಲಸ ಅದೇ.

ಹಂತ 1: ನಕಲು

ಫೈಲನ್ನು ಮೊದಲು ಕಾಪಿ ಮಾಡಿ ಇಟ್ಟುಕೊಳ್ಳಿ. ಮುಂದೆ ಹೋಗೋಣ.

ಹಂತ 2: ಯಾವುದು ಮನೆ, ಯಾವುದು ಕೋಣೆ, ಯಾವುದು ಜಮಖಾನೆ

ಆಕ್ಸೆಸ್‌ನಲ್ಲಿ ಗಾತ್ರ ಅನ್ನುವುದು ಒಂದಲ್ಲ, ಮೂರು. ಹೊರಗಿನದು ಆಕ್ಸೆಸ್‌ನದೇ ವಿಂಡೋ, ಅದು ಮನೆ. ಅದರೊಳಗೆ ಫಾರ್ಮ್ ತೆರೆದುಕೊಳ್ಳುವ ವಿಂಡೋ, ಅದು ಕೋಣೆ. ಕೋಣೆಯೊಳಗೆ ನೀವು ಡಿಸೈನ್ ವ್ಯೂನಲ್ಲಿ (ಫಾರ್ಮ್ ಕಟ್ಟುವ, ತಿದ್ದುವ ನೋಟ) ಬಾಕ್ಸ್‌ಗಳನ್ನೂ ಗುಂಡಿಗಳನ್ನೂ ಜೋಡಿಸಿದ ಹಾಳೆ, ಅದು ನವಲಗುಂದದ ಜಮಖಾನೆ ಅಂದುಕೊಳ್ಳಿ. ಜಮಖಾನೆ ದೊಡ್ಡದಾಗಿ ಕೋಣೆ ಸಣ್ಣದಾದರೆ ಸ್ಕ್ರೋಲ್ ಬಾರ್ ಬರುತ್ತದೆ. ಕೋಣೆಯೇ ಮನೆಗಿಂತ ದೊಡ್ಡದಾದರೆ ಬ್ಯಾಡಗಿಯ ಸೇವ್ ಗುಂಡಿಯ ಗತಿ. ಯಾವುದು ಹೆಚ್ಚುಕಡಿಮೆ ಆಗಿದೆ ಅಂತ ಗೊತ್ತಾಗದೆ ಮೌಸ್ ಮುಟ್ಟಬೇಡಿ.

ಹಂತ 3: ಅಂಗಡಿಯ ಅತಿ ಸಣ್ಣ ಪರದೆಯ ಅಳತೆ

ನಿಮ್ಮ ಪರದೆಯ ಅಳತೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಬಳಸುವವರ ಪರದೆಯದ್ದು ಬೇಕು. ನಾಲ್ಕು ಕಂಪ್ಯೂಟರ್ ಇದ್ದರೆ ಅವುಗಳಲ್ಲಿ ಅತಿ ಸಣ್ಣದು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಡಿಸ್‌ಪ್ಲೇ ತೆರೆದರೆ ಎರಡು ಸಂಗತಿ ಸಿಗುತ್ತವೆ: ರೆಸಲ್ಯೂಶನ್ ಎಷ್ಟು, ಸ್ಕೇಲ್ ಎಷ್ಟು. ಎರಡನ್ನೂ ಬರೆದುಕೊಳ್ಳಿ. ಜನ ಮೊದಲನೆಯದನ್ನು ಬರೆದುಕೊಂಡು ಎರಡನೆಯದನ್ನು ಮರೆಯುತ್ತಾರೆ, ಎಡವುವುದೂ ಅಲ್ಲೇ.

ಆಕ್ಸೆಸ್ ಲೆಕ್ಕ ಹಾಕುವುದು ಸೆಂಟಿಮೀಟರ್ ಅಥವಾ ಇಂಚಿನಲ್ಲಿ. ಆದರೆ ಅದು ಪಟ್ಟಿ ಇಟ್ಟು ಅಳೆಯುವ ಸೆಂಟಿಮೀಟರ್ ಅಲ್ಲ. ಸ್ಕೇಲ್ ನೂರಕ್ಕೆ ನೂರು ಇದ್ದಾಗ 96 ಚುಕ್ಕೆಗೆ (ಪಿಕ್ಸೆಲ್) ಒಂದು ಇಂಚು, ಅಂದರೆ 2.54 ಸೆಂಟಿಮೀಟರ್. ಸ್ಕೇಲ್ 125 ಇದ್ದರೆ 120 ಚುಕ್ಕೆಗೆ ಒಂದು ಇಂಚು. ಈಗ ಲೆಕ್ಕ ನೋಡಿ. 1366 ಅಡ್ಡ, 768 ಉದ್ದದ ಹಳೆ ಮಾನಿಟರ್ ನೂರರ ಸ್ಕೇಲಿನಲ್ಲಿ ಸುಮಾರು 36 ಸೆಂಟಿಮೀಟರ್ ಅಗಲ, 20.3 ಎತ್ತರ. ಅದೇ ಮಾನಿಟರಿಗೆ ಯಾರೋ ಅಕ್ಷರ ದೊಡ್ಡದು ಕಾಣಲಿ ಅಂತ 125 ಮಾಡಿಟ್ಟರೆ 29 ಅಗಲ, 16.3 ಎತ್ತರಕ್ಕೆ ಇಳಿಯಿತು. ಮಾನಿಟರ್ ಬದಲಾಗಿಲ್ಲ, ಜಾಗ ಮಾತ್ರ ಕುಗ್ಗಿದೆ. ಚಾಳೀಸು ಹಾಕುವ ವಯಸ್ಸಿನ ಮಾಲೀಕರು ಕುಳಿತುಕೊಳ್ಳುವ ಕಂಪ್ಯೂಟರ್ ಆದರೆ ಈ 125 ಇದ್ದೇ ಇರುತ್ತದೆ ಅಂತ ಇಟ್ಟುಕೊಳ್ಳಿ.

ನನ್ನ ಲ್ಯಾಪ್‌ಟಾಪ್ 1920, 1080. ಸ್ಕೇಲ್ 125. ಅದರಲ್ಲಿ ಎತ್ತರ 22.9 ಸೆಂಟಿಮೀಟರ್ ಸಿಗುತ್ತದೆ. ನಾನು 17 ಎತ್ತರದ ಫಾರ್ಮ್ ಮಾಡಿ ಖುಷಿಯಾಗಿದ್ದೆ. ಅಂಗಡಿಯ 20.3ರಲ್ಲಿ ಅದು ಹಿಡಿಸಬೇಕಲ್ಲ ಅನ್ನಬಹುದು, ಹಿಡಿಸುವುದಿಲ್ಲ. ಕೆಳಗಿನ ಟಾಸ್ಕ್‌ಬಾರ್, ಮೇಲಿನ ಟೈಟಲ್ ಪಟ್ಟಿ, ಆಕ್ಸೆಸ್‌ನ ರಿಬ್ಬನ್, ತಳದ ಸ್ಟೇಟಸ್ ಬಾರ್ ಸೇರಿ ಕಾಲು ಭಾಗಕ್ಕಿಂತ ಜಾಸ್ತಿ ನುಂಗುತ್ತವೆ. ಹಾಗಾಗಿ 1366ರ ಪರದೆಗೆ ಮಾಡುವ ಫಾರ್ಮನ್ನು ನಾನು 30 ಅಗಲ, 13 ಎತ್ತರ ದಾಟಿಸುವುದಿಲ್ಲ. ಸ್ಕೇಲ್ 125 ಇದ್ದರೆ 25, 10. ಇಷ್ಟರಲ್ಲಿ ಹಿಡಿಸದಿದ್ದರೆ ಫಾರ್ಮಿನೊಳಗೇ ಎರಡು ಟ್ಯಾಬ್ ಪುಟ ಮಾಡಿ. ಅಕ್ಷರ ಸಣ್ಣ ಮಾಡುವ ದಾರಿಗೆ ಹೋಗಬೇಡಿ.

ಇಲ್ಲಿ ಒಂದು ಅಡ್ಡದಾರಿಯ ಬಗ್ಗೆ ಹೇಳಿಬಿಡುತ್ತೇನೆ. ಫಾರ್ಮ್ ಹಿಡಿಸಲಿಲ್ಲ ಅಂತ ಅಂಗಡಿಯ ಮಾನಿಟರಿನ ರೆಸಲ್ಯೂಶನ್ನನ್ನೇ ಬದಲಾಯಿಸಿ ಹೋಗುವವರಿದ್ದಾರೆ. ಚಪ್ಪಲಿ ಬಿಗಿಯಾಯಿತು ಅಂತ ಕಾಲು ಕೆತ್ತಿದ ಹಾಗೆ. ಮರುದಿನ ಟ್ಯಾಲಿಯ ಅಕ್ಷರ ಮಸುಕಾಗಿ, ಅಕೌಂಟೆಂಟ್ ಫೋನ್ ಮಾಡಿ ಬೈಯುವುದು ನಿಮ್ಮನ್ನೇ. ಇನ್ನು ಪರದೆಗೆ ತಕ್ಕಂತೆ ಎಲ್ಲವನ್ನೂ ತಾನೇ ಹಿಗ್ಗಿಸಿ ಕುಗ್ಗಿಸುತ್ತೇನೆ ಅನ್ನುವ ರೀಸೈಜರ್‌ಗಳು ಇಂಟರ್‌ನೆಟ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ನಾನು ಹಾಕಿ ನೋಡಿದವು ಗುಂಡಿಯನ್ನು ಹಿಗ್ಗಿಸಿ ಅದರ ಮೇಲಿನ ಕನ್ನಡ ಅಕ್ಷರವನ್ನು ಅರ್ಧ ಕತ್ತರಿಸಿದವು. ಸುಮ್ನೆ ತಲೆನೋವು, ಬಿಡಿ.

ಹಂತ 4: ಟ್ಯಾಬ್ ಬಿಡಿಸಿ

ಆಕ್ಸೆಸ್ 2007ರಿಂದ ಈಚೆಗೆ ಹೊಸ ಡೇಟಾಬೇಸ್ ಮಾಡಿದರೆ ಫಾರ್ಮ್‌ಗಳು ಬ್ರೌಸರಿನ ಹಾಗೆ ಟ್ಯಾಬ್‌ನಲ್ಲಿ ತೆರೆಯುತ್ತವೆ. ಟ್ಯಾಬ್‌ನಲ್ಲಿರುವ ಫಾರ್ಮ್‌ಗೆ ಸ್ವಂತ ಗಾತ್ರ ಅನ್ನುವುದೇ ಇಲ್ಲ, ಮನೆ ಎಷ್ಟೋ ಅದೂ ಅಷ್ಟೇ. ನೀವು ಯಾವ ಮ್ಯಾಕ್ರೋ ಬರೆದರೂ, ಯಾವ ಪ್ರಾಪರ್ಟಿ ತಿದ್ದಿದರೂ ಅದು ಅಲುಗುವುದಿಲ್ಲ. ಎಷ್ಟು ಜನ ಇದೊಂದು ತಿಳಿಯದೆ ರಾತ್ರಿಯೆಲ್ಲ ಕುಳಿತಿದ್ದಾರೋ! ಫೈಲ್, ಆಪ್ಶನ್ಸ್, ಕರೆಂಟ್ ಡೇಟಾಬೇಸ್. ಅಲ್ಲಿ ಡಾಕ್ಯುಮೆಂಟ್ ವಿಂಡೋ ಆಪ್ಶನ್ಸ್ ಅಡಿಯಲ್ಲಿ ಓವರ್‌ಲ್ಯಾಪಿಂಗ್ ವಿಂಡೋಸ್ ಆರಿಸಿ. ಓಕೆ ಒತ್ತಿದ ಮೇಲೆ ಡೇಟಾಬೇಸನ್ನು ಮುಚ್ಚಿ ಮತ್ತೆ ತೆರೆಯಬೇಕು, ಮುಚ್ಚದೆ ಏನೂ ಬದಲಾಗುವುದಿಲ್ಲ. ಇದು ಆಯಾ ಫೈಲಿನ ಸೆಟ್ಟಿಂಗ್. ಒಂದರಲ್ಲಿ ಬದಲಿಸಿದರೆ ಇನ್ನೊಂದರಲ್ಲಿ ಬದಲಾಗದು.

ಅಲ್ಲೇ ಇರುವಾಗ ಡಿಸ್‌ಪ್ಲೇ ಫಾರ್ಮ್ ಎಂಬಲ್ಲಿ ಮೊದಲು ತೆರೆಯಬೇಕಾದ ಫಾರ್ಮಿನ ಹೆಸರು ಕೊಡಿ, ನ್ಯಾವಿಗೇಶನ್ ಪೇನ್ (ಎಡಗಡೆ ಕಾಣುವ ಫಾರ್ಮ್, ಟೇಬಲ್‌ಗಳ ಪಟ್ಟಿ) ತೋರಿಸುವ ಗುರುತು ತೆಗೆಯಿರಿ. ಎಡಗಡೆ ಒಳ್ಳೇ ಜಾಗ ಉಳಿಯುತ್ತದೆ. ನಿಮಗೆ ಬೇಕಾದಾಗ ಎಫ್ 11 ಒತ್ತಿದರೆ ಅದು ಬರುತ್ತದೆ.

ಹಂತ 5: ಜಮಖಾನೆ ಕತ್ತರಿಸಿ

ಫಾರ್ಮನ್ನು ಡಿಸೈನ್ ವ್ಯೂನಲ್ಲಿ ತೆರೆದು ಬಲ ಅಂಚನ್ನೂ ತಳವನ್ನೂ ಒಳಗೆ ಎಳೆಯಿರಿ. ಬಲ ಅಂಚು ಒಂದು ಕಡೆ ಬಂದು ಗಕ್ಕನೆ ನಿಂತುಬಿಟ್ಟರೆ, ಅಲ್ಲೊಂದು ಲೇಬಲ್ಲೋ ಗೆರೆಯೋ ಚಾಚಿಕೊಂಡಿದೆ ಅಂತ ಅರ್ಥ. ಕಂಟ್ರೋಲ್ ಎ ಒತ್ತಿದರೆ ಎಲ್ಲಕ್ಕೂ ಕಿತ್ತಳೆ ಅಂಚು ಬಂದು ಕಳ್ಳ ಸಿಕ್ಕಿಬೀಳುತ್ತಾನೆ. ಬಹುಪಾಲು ಅದು ಯಾವತ್ತೋ ಎಳೆದು ಮರೆತ ಗೆರೆ.

ಕನ್ನಡದಲ್ಲಿ ಫಾರ್ಮ್ ಮಾಡುವವರಿಗೆ ಇನ್ನೊಂದು ಮಾತು. ಆಕ್ಸೆಸ್ ತಾನಾಗಿ ಹಾಕುವ ಟೆಕ್ಸ್ಟ್ ಬಾಕ್ಸ್‌ನ ಎತ್ತರ ಇಂಗ್ಲಿಷಿಗೆ ಸಾಕು, ನಮ್ಮ ಒತ್ತಕ್ಷರಕ್ಕೆ ಸಾಲದು. 'ಬ್ಯಾಡಗಿ' ಅಂತ ಹೊಡೆದರೆ ಯ ಒತ್ತು ಕೆಳಗೆ ಕತ್ತರಿಸಿ ಹೋಗುತ್ತದೆ. ತುಂಗಾ ಅಥವಾ ನಿರ್ಮಲಾ ಫಾಂಟ್ 11 ಗಾತ್ರದಲ್ಲಿ ಇಟ್ಟರೆ ಬಾಕ್ಸ್‌ಗೆ 0.75 ಸೆಂಟಿಮೀಟರ್ ಎತ್ತರ ಕೊಡಿ. ನಾನು ನಿರ್ಮಲಾ ಅನ್ನುತ್ತೇನೆ. ವಿಂಡೋಸ್ 8ರಿಂದ ಅದು ಜೊತೆಗೇ ಬರುತ್ತದೆ, ತುಂಗಾವನ್ನು ವಿಂಡೋಸ್ 10ರಲ್ಲಿ ಕೆಲವೊಮ್ಮೆ ಬೇರೆಯಾಗಿ ಹಾಕಿಕೊಳ್ಳಬೇಕು. ಈ ಎತ್ತರವನ್ನು ಮೊದಲೇ ಲೆಕ್ಕ ಹಿಡಿಯಿರಿ. ಹತ್ತು ಬಾಕ್ಸ್ ಒಂದರ ಕೆಳಗೊಂದು ಇಟ್ಟು ನಡುವೆ ಸ್ವಲ್ಪ ಉಸಿರಾಡಲು ಜಾಗ ಬಿಟ್ಟರೆ 10 ಸೆಂಟಿಮೀಟರ್ ಮುಗಿದೇ ಹೋಯಿತು. ಅದಕ್ಕೇ ಎರಡು ಸಾಲು ಮಾಡಿ ಅನ್ನುವುದು.

ಹಂತ 6: ಕೋಣೆಗೆ ಗೋಡೆ ಕಟ್ಟುವುದು

ಎಲ್ಲರೂ ಕೈ ಸುಟ್ಟುಕೊಳ್ಳುವುದು ಇಲ್ಲೇ, ನಿಧಾನವಾಗಿ ಓದಿ.

ಫಾರ್ಮ್ ಡಿಸೈನ್ ವ್ಯೂನಲ್ಲಿರಲಿ. ಎಫ್ 4 ಒತ್ತಿದರೆ ಪ್ರಾಪರ್ಟಿ ಶೀಟ್ ಬರುತ್ತದೆ. ಅದರ ತಲೆಯಲ್ಲಿ 'ಫಾರ್ಮ್' ಅಂತಲೇ ಇದೆಯಾ ನೋಡಿ, 'ಡೀಟೇಲ್' ಅಂತ ಇದ್ದರೆ ನೀವು ಜಮಖಾನೆಯ ಪ್ರಾಪರ್ಟಿ ನೋಡುತ್ತಿದ್ದೀರಿ. ಎಡ ಮೇಲ್ಮೂಲೆಯ ಸಣ್ಣ ಚೌಕದ ಮೇಲೆ ಕ್ಲಿಕ್ ಮಾಡಿದರೆ ಫಾರ್ಮ್ ಸಿಗುತ್ತದೆ. ಈಗ ಫಾರ್ಮ್ಯಾಟ್ ಟ್ಯಾಬ್.

ಆಟೋ ರೀಸೈಜ್ ಅನ್ನುವುದು ಎಲ್ಲರನ್ನೂ ಆಟ ಆಡಿಸುತ್ತದೆ. ಅದು ಯೆಸ್ ಇದ್ದರೆ ಫಾರ್ಮ್ ತೆರೆದಾಗಲೆಲ್ಲ ಆಕ್ಸೆಸ್ ಒಂದು ಪೂರ್ತಿ ದಾಖಲೆ ಕಾಣುವಷ್ಟು ವಿಂಡೋವನ್ನು ತಾನೇ ಹೊಂದಿಸುತ್ತದೆ. ನೋ ಇದ್ದರೆ ನೀವು ಕೊನೆಗೆ ಯಾವ ಗಾತ್ರದಲ್ಲಿ ಸೇವ್ ಮಾಡಿದ್ದಿರೋ ಆ ಗಾತ್ರದಲ್ಲಿ ತೆರೆಯುತ್ತದೆ. ಗೊಂದಲ ಶುರುವಾಗುವುದು ಯಾವಾಗ ಗೊತ್ತೇ? ಯೆಸ್ ಇಟ್ಟು, ಡಿಸೈನ್ ವ್ಯೂನಿಂದ ನೇರ ಫಾರ್ಮ್ ವ್ಯೂಗೆ ಹಾರಿ, 'ಏನೂ ಆಗಲಿಲ್ಲ' ಅಂತ ಕೈಚೆಲ್ಲುತ್ತಾರೆ. ಹಾಗೆ ಹಾರಿದರೆ ಆಟೋ ರೀಸೈಜ್ ಕೆಲಸ ಮಾಡುವುದೇ ಇಲ್ಲ. ಫಾರ್ಮನ್ನು ಸೇವ್ ಮಾಡಿ, ಮುಚ್ಚಿ, ನ್ಯಾವಿಗೇಶನ್ ಪೇನ್‌ನ ಪಟ್ಟಿಯಿಂದ ಮತ್ತೆ ತೆರೆಯಬೇಕು. ಈ ಒಂದು ಅಭ್ಯಾಸ ಬಂದರೆ ಅರ್ಧ ಕಷ್ಟ ಕಳೆಯಿತು.

ನನ್ನ ಪದ್ಧತಿ ಹೀಗೆ. ಹುಡುಕುವ ಡಬ್ಬಿ, ಪಾಸ್‌ವರ್ಡ್ ಕೇಳುವ ಡಬ್ಬಿ, ತಾರೀಖು ಆರಿಸುವ ಡಬ್ಬಿ ಇಂಥ ಪುಟ್ಟ ಫಾರ್ಮ್‌ಗಳಿಗೆ ಆಟೋ ರೀಸೈಜ್ ಯೆಸ್, ಆಟೋ ಸೆಂಟರ್ ಯೆಸ್, ಬಾರ್ಡರ್ ಸ್ಟೈಲ್ ಡೈಲಾಗ್, ಮತ್ತೆ ಅದರ್ ಟ್ಯಾಬ್‌ನಲ್ಲಿ ಪಾಪ್ ಅಪ್ ಯೆಸ್. ಅಷ್ಟೇ, ಮ್ಯಾಕ್ರೋ ಬೇಡ. ಪಟ್ಟಿ ಬರೆಯುವಂಥ ಮುಖ್ಯ ಫಾರ್ಮ್‌ಗೆ ಆಟೋ ರೀಸೈಜ್ ನೋ, ಆಟೋ ಸೆಂಟರ್ ನೋ, ಬಾರ್ಡರ್ ಸ್ಟೈಲ್ ಥಿನ್. ಥಿನ್ ಇಟ್ಟರೆ ಯಾರೂ ಅಂಚು ಹಿಡಿದು ಎಳೆಯಲಾರರು. ಆದರೆ ಮೇಲಿನ ದೊಡ್ಡದು ಮಾಡುವ ಗುಂಡಿ ಇನ್ನೂ ಇರುತ್ತದೆ, ಅದಕ್ಕೆ ಮಿನ್ ಮ್ಯಾಕ್ಸ್ ಬಟನ್ಸ್‌ನಲ್ಲಿ ಮಿನ್ ಎನೇಬಲ್ಡ್ ಮಾತ್ರ ಇಡಿ. ಬಾರ್ಡರ್ ಸ್ಟೈಲನ್ನು ನನ್ (None) ಮಾಡುವ ಚಪಲ ಕೆಲವರಿಗೆ. ನೋಡಲು ಅಂದ, ಆದರೆ ಟೈಟಲ್ ಪಟ್ಟಿಯೇ ಇರುವುದಿಲ್ಲ, ಮುಚ್ಚುವ ಗುಂಡಿಯನ್ನು ನೀವು ಇಡದಿದ್ದರೆ ಬಳಸುವವರು ಒಳಗೇ ಸಿಕ್ಕಿಕೊಳ್ಳುತ್ತಾರೆ.

ಈಗ ಮ್ಯಾಕ್ರೋ. ಇವೆಂಟ್ ಟ್ಯಾಬ್‌ಗೆ ಹೋಗಿ ಆನ್ ಲೋಡ್ ಮುಂದಿನ ಮೂರು ಚುಕ್ಕೆ ಒತ್ತಿ, ಮ್ಯಾಕ್ರೋ ಬಿಲ್ಡರ್ ಆರಿಸಿ. ಆನ್ ರೀಸೈಜ್ ಅಂತಲೂ ಒಂದಿದೆ, ಹೆಸರು ನೋಡಿ ಮೋಸ ಹೋಗಬೇಡಿ. ಗಾತ್ರ ಬದಲಾದಾಗಲೆಲ್ಲ ಅದು ಓಡುತ್ತದೆ, ಅದರೊಳಗೇ ಗಾತ್ರ ಬದಲಿಸಿದರೆ ನಾಯಿ ತನ್ನ ಬಾಲ ಹಿಡಿಯಲು ಸುತ್ತಿದ ಹಾಗಾಗುತ್ತದೆ. ಮ್ಯಾಕ್ರೋದಲ್ಲಿ ಮೊದಲ ಸಾಲು ರಿಸ್ಟೋರ್ ವಿಂಡೋ. ಎರಡನೆಯದು ಮೂವ್ ಅಂಡ್ ಸೈಜ್ ವಿಂಡೋ. ಅದು ನಾಲ್ಕು ಸಂಖ್ಯೆ ಕೇಳುತ್ತದೆ: ರೈಟ್, ಡೌನ್, ವಿಡ್ತ್, ಹೈಟ್.

ರೈಟ್ ಅಂದರೆ ಬಲ ಅಂಚಿನಿಂದ ಎಷ್ಟು ದೂರ ಅಂತ ಎಲ್ಲರೂ ತಿಳಿಯುತ್ತಾರೆ. ಅಲ್ಲ. ಎಡ ಅಂಚಿನಿಂದ ಬಲಕ್ಕೆ ಎಷ್ಟು ಸರಿಯಬೇಕು ಅಂತ. ಡೌನ್ ಕೂಡ ಹಾಗೇ, ಮೇಲಿನಿಂದ ಕೆಳಕ್ಕೆ. ಅಳೆಯುವುದು ಪರದೆಯ ಅಂಚಿನಿಂದಲ್ಲ, ಆಕ್ಸೆಸ್ ವಿಂಡೋ ಒಳಗಿನ ಜಾಗದ ಅಂಚಿನಿಂದ. ರೈಟ್ 0.5, ಡೌನ್ 0.3, ವಿಡ್ತ್ 30, ಹೈಟ್ 13 ಕೊಡಿ. ಯಾವುದಾದರೂ ಖಾಲಿ ಬಿಟ್ಟರೆ ಆಗ ಇದ್ದ ಅಳತೆಯೇ ಉಳಿಯುತ್ತದೆ, ನಾಲ್ಕನ್ನೂ ಖಾಲಿ ಬಿಡುವ ಹಾಗಿಲ್ಲ.

ಈ ಸಂಖ್ಯೆ ಕೊಡುವ ಮೊದಲು ಒಂದು ಪರೀಕ್ಷೆ. ಪ್ರಾಪರ್ಟಿ ಶೀಟಿನಲ್ಲಿ ವಿಡ್ತ್ ಮುಂದೆ ಸೆಂಟಿಮೀಟರ್ ಅಂತ ಬರುತ್ತದಾ, ಇಂಚಿನ ಎರಡು ಗೆರೆ ಗುರುತು ಬರುತ್ತದಾ ನೋಡಿ. ಅದು ವಿಂಡೋಸ್‌ನ ರೀಜನ್ ಸೆಟ್ಟಿಂಗ್ ಮೇಲೆ ನಿಂತಿದೆ. ಇಂಡಿಯಾ ಇದ್ದರೆ ಸೆಂಟಿಮೀಟರ್. ಆದರೆ ಜೋಡಿಸಿ ಮಾರುವ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅಮೆರಿಕ ಅಂತಲೇ ಬಿಟ್ಟಿರುತ್ತಾರೆ. ಅಲ್ಲಿ ಕುಳಿತು 30 ಅಂತ ಹೊಡೆದರೆ ಅದು 30 ಇಂಚು, ಅಂದರೆ 76 ಸೆಂಟಿಮೀಟರ್. ಫಾರ್ಮ್ ಪಕ್ಕದ ಅಂಗಡಿಗೇ ಹೋಯಿತು ಅಂತ ತಿಳಿಯಿರಿ.

ಮ್ಯಾಕ್ರೋ ಬಿಟ್ಟು ಕೋಡ್ ಬರೆಯುವವರಿಗೆ: ಅಲ್ಲಿ ಸೆಂಟಿಮೀಟರೂ ಇಲ್ಲ, ಇಂಚೂ ಇಲ್ಲ, ಟ್ವಿಪ್. ಒಂದು ಇಂಚಿಗೆ 1440, ಒಂದು ಸೆಂಟಿಮೀಟರಿಗೆ 567. ಮ್ಯಾಕ್ರೋದ 30, 13 ಅನ್ನೇ ಕೋಡಿನಲ್ಲಿ ಹಾಕಿದರೆ 30 ಟ್ವಿಪ್ ಅಂದರೆ ಎರಡೇ ಎರಡು ಚುಕ್ಕೆ. ಫಾರ್ಮ್ ಮಾಯವಾಯಿತು ಅಂತ ಧಾರವಾಡದಿಂದ ಒಬ್ಬ ಹುಡುಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದ. "ಅಣ್ಣಾ, ಫಾರ್ಮ್ ಡಿಲೀಟ್ ಆಗೇತಿ" ಅಂದ. ಡಿಲೀಟ್ ಆಗಿರಲಿಲ್ಲ, ಮೂಲೆಯಲ್ಲಿ ಸಾಸಿವೆ ಕಾಳಿನಷ್ಟಾಗಿ ಕುಳಿತಿತ್ತು. ಇನ್ನೊಂದು ಹಳ್ಳವೂ ಇದೆ. ದೊಡ್ಡ ಮಾನಿಟರಿಗೆ ಅಂತ 567 ಗುಣಿಲೆ 58 ಅಂತ ಬರೆದರೆ ಓವರ್‌ಫ್ಲೋ ಎರರ್, ನಂಬರ್ 6. 57ರ ತನಕ ಸುಮ್ಮನಿರುತ್ತದೆ. ಸಣ್ಣ ಸಂಖ್ಯೆಗಳನ್ನು ಅದು ಇಂಟಿಜರ್ ಅಂತ ಹಿಡಿಯುತ್ತದೆ, ಇಂಟಿಜರ್‌ನ ಹೊಟ್ಟೆ 32767ಕ್ಕೆ ತುಂಬುತ್ತದೆ. 567& ಅಂತ ಬರೆದರೆ ಸರಿಹೋಗುತ್ತದೆ.

ಇನ್ನು ಮ್ಯಾಕ್ಸಿಮೈಜ್ ವಿಂಡೋ. ಒಂದು ಸಾಲು ಬರೆದು ಕೈ ತೊಳೆದುಕೊಳ್ಳಲು ಎಲ್ಲರಿಗೂ ಇದೇ ಇಷ್ಟ. ಓವರ್‌ಲ್ಯಾಪಿಂಗ್‌ನಲ್ಲಿ ಒಂದು ಫಾರ್ಮನ್ನು ಮ್ಯಾಕ್ಸಿಮೈಜ್ ಮಾಡಿದರೆ ಅದರ ಬೆನ್ನಿಗೆ ತೆರೆಯುವ ಸಾಮಾನ್ಯ ಫಾರ್ಮ್‌ಗಳೆಲ್ಲ ಮ್ಯಾಕ್ಸಿಮೈಜ್ ಆಗಿಯೇ ತೆರೆಯುತ್ತವೆ. ನೀವು ಅರ್ಧ ದಿನ ಕುಳಿತು ಹೊಂದಿಸಿದ ಗಾತ್ರ ಗಾಳಿಗೆ. ಗದಗಿನ ಪ್ರೆಸ್ಸಿನಲ್ಲಿ ನೋಡಿದ್ದು ಇದನ್ನೇ. ಲಗ್ನಪತ್ರಿಕೆಯ ಆರ್ಡರ್ ಫಾರ್ಮ್ ಮ್ಯಾಕ್ಸಿಮೈಜ್, ಆಮೇಲೆ ಬಂದ 'ಅಡ್ವಾನ್ಸ್ ಎಷ್ಟು' ಅನ್ನುವ ಒಂದೇ ಬಾಕ್ಸಿನ ಫಾರ್ಮ್ ಕೂಡ ಪರದೆ ತುಂಬ. ಸಣ್ಣದನ್ನು ಪಾಪ್ ಅಪ್ ಮಾಡಿದೆ, ಮುಗಿಯಿತು. ಮೇಲಿನ ಮ್ಯಾಕ್ರೋದಲ್ಲಿ ಮೊದಲು ರಿಸ್ಟೋರ್ ಹಾಕಿ ಅಂದದ್ದೂ ಇದೇ ಕಾರಣಕ್ಕೆ.

ಹಂತ 7: ಮನೆ

ಆಕ್ಸೆಸ್ ವಿಂಡೋವನ್ನು ಮಾತ್ರ ನಾನು ಯಾವಾಗಲೂ ಪರದೆ ತುಂಬ ಇಡುತ್ತೇನೆ. ಹೊಸ ಮ್ಯಾಕ್ರೋ ಮಾಡಿ, ರನ್ ಮೆನು ಕಮಾಂಡ್ ಆರಿಸಿ, ಅದರ ಪಟ್ಟಿಯಲ್ಲಿ ಆ್ಯಪ್ ಮ್ಯಾಕ್ಸಿಮೈಜ್ ಹಿಡಿದು, ಆಟೋಎಕ್ಸೆಕ್ (AutoExec) ಅಂತ ಹೆಸರಿಟ್ಟು ಸೇವ್ ಮಾಡಿ. ಈ ಹೆಸರಿನ ಮ್ಯಾಕ್ರೋ ಫೈಲ್ ತೆರೆದ ಕೂಡಲೇ ತಾನೇ ಓಡುತ್ತದೆ. ಮಧ್ಯೆ ಜಾಗ ಬಿಡದೆ ಒಂದೇ ಪದವಾಗಿ ಬರೆಯಿರಿ. ರಿಬ್ಬನ್ ಜಾಗ ತಿನ್ನುತ್ತಿದ್ದರೆ ಕಂಟ್ರೋಲ್ ಎಫ್ 1 ಒತ್ತಿ ಮಡಚಿ. ಆಕ್ಸೆಸ್ ವಿಂಡೋವನ್ನೇ ಅಡಗಿಸಿ ಫಾರ್ಮ್ ಮಾತ್ರ ತೇಲಿಸುವ ಕೋಡ್ ಕೂಡ ಸಿಗುತ್ತದೆ. ನನಗೆ ಸೇರುವುದಿಲ್ಲ. ಮಧ್ಯೆ ಎರರ್ ಬಂದು ಫಾರ್ಮ್ ಮುಚ್ಚಿದರೆ ಆಕ್ಸೆಸ್ ಕಣ್ಣಿಗೆ ಕಾಣದೆ ಓಡುತ್ತಿರುತ್ತದೆ, ಅಂಗಡಿಯವರು ಟಾಸ್ಕ್ ಮ್ಯಾನೇಜರ್ ಎಲ್ಲಿ ಹುಡುಕಬೇಕು ಪಾಪ.

ಹಂತ 8: ಹಿಗ್ಗಬೇಕಾದ್ದು ಹಿಗ್ಗಲಿ

ಒಂದೊಂದು ಫಾರ್ಮ್ ಹಿಗ್ಗಿದರೇ ಚೆಂದ. ದಿನದ ಲಾಟ್‌ಗಳೆಲ್ಲ ಸಾಲಾಗಿ ಕಾಣುವ ಸಬ್‌ಫಾರ್ಮ್ (ಫಾರ್ಮಿನೊಳಗಿನ ಫಾರ್ಮ್) ಇದ್ದರೆ ಅದನ್ನು ಆರಿಸಿ ಅರೇಂಜ್ ಟ್ಯಾಬ್‌ನಲ್ಲಿ ಆ್ಯಂಕರಿಂಗ್, ಅದರಲ್ಲಿ ಸ್ಟ್ರೆಚ್ ಡೌನ್ ಅಂಡ್ ಅಕ್ರಾಸ್. ಅದರ ಕೆಳಗಿನ ಗುಂಡಿಗಳಿಗೆ ಬಾಟಮ್ ಲೆಫ್ಟ್ ಕೊಡುವುದನ್ನು ಮರೆತರೆ ಹಿಗ್ಗಿದ ಪಟ್ಟಿ ಗುಂಡಿಗಳ ಮೇಲೇ ಬಂದು ಕೂರುತ್ತದೆ. ಇಂಥ ಫಾರ್ಮ್‌ಗೆ ಬಾರ್ಡರ್ ಸೈಜಬಲ್ ಇರಲಿ. ಹಿಗ್ಗುವುದು ಬಾಕ್ಸ್ ಮಾತ್ರ, ಅಕ್ಷರ ಅಲ್ಲ.

ಹಂತ 9: ಅವರ ಮಾನಿಟರ್, ಅವರ ಕೈ

ಫೈಲನ್ನು ಅಂಗಡಿಯ ಆ ಸಣ್ಣ ಪರದೆಯ ಕಂಪ್ಯೂಟರಿನಲ್ಲಿ ತೆರೆಯಿರಿ. ನೀವು ಮೌಸ್ ಮುಟ್ಟಬೇಡಿ, ಗುಮಾಸ್ತರ ಕೈಗೆ ಕೊಟ್ಟು ಒಂದು ಪೂರ್ತಿ ಪಟ್ಟಿ ಬರೆಸಿ. ಏನಾದರೂ ತಿದ್ದಬೇಕಾದರೆ ಶಿಫ್ಟ್ ಕೀ ಒತ್ತಿ ಹಿಡಿದು ಫೈಲ್ ತೆರೆಯಿರಿ. ಆಟೋಎಕ್ಸೆಕ್ ಓಡದೆ ಒಳಗೆ ಹೋಗಬಹುದು.

ಎಲ್ಲ ಮುಗಿದ ಮೇಲೆ, ಯಾರೂ ಡಿಸೈನ್ ಕೆಡಿಸದಿರಲಿ ಅಂತ ಫೈಲನ್ನು ಎಸಿಸಿಡಿಇ ಮಾಡಿ ಕೊಡುವುದು ಒಳ್ಳೆಯದು. ಅದರಲ್ಲಿ ಫಾರ್ಮ್‌ಗಳ ಡಿಸೈನ್ ವ್ಯೂ ತೆರೆಯುವುದೇ ಇಲ್ಲ. ನಿಮಗೂ ತೆರೆಯುವುದಿಲ್ಲ! ಮೂಲ ಎಸಿಸಿಡಿಬಿ ಫೈಲನ್ನು ಎರಡು ಕಡೆ ಜೋಪಾನವಾಗಿ ಇಡಿ. ಒಮ್ಮೆ ನನ್ನ ಹಾರ್ಡ್ ಡಿಸ್ಕ್ ಹೋಗಿ ಮೂಲ ಫೈಲ್ ಕಳೆದಿತ್ತು. ಅದೇ ವಾರ ಹಾವೇರಿಯ ಗಿರಾಕಿಯೊಬ್ಬರು ಹೊಸ ಮಾನಿಟರ್ ತಂದು, ಫಾರ್ಮ್ ಅರ್ಧ ಸೆಂಟಿಮೀಟರ್ ಕೆಳಗೆ ಬರಲಿ ಅಂದರು. ಅರ್ಧ ಸೆಂಟಿಮೀಟರಿಗಾಗಿ ಇಡೀ ಫಾರ್ಮ್ ಮೊದಲಿನಿಂದ ಕಟ್ಟಿಕೊಟ್ಟೆ, ಮೂರು ದಿನ ಹಿಡಿಯಿತು, ದುಡ್ಡು ಕೇಳಲು ಬಾಯಿ ಬರಲಿಲ್ಲ.